ಭಾವ ತೋರಿಸಿದ ಹಿಮದ ದಾರಿ

‘ಗೊತ್ತಿಲ್ಲ’ ಎಂಬ ಒಂದು ಸಣ್ಣ ಮಾತು ಬಾಯಿಂದ ಹೊರಡದ ಮನುಷ್ಯರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಸಿಟ್ಟು ನನಗೆ ಹೊಸದಲ್ಲ. ರಿಯಾದಿನ ನಮ್ಮ ಆಫೀಸಿನ ಲಿಫ್ಟಿನ ಮೇಲೆ, ಮೀನಿಗೆ ಹುಳಿ ಕಡಿಮೆ ಹಾಕುವ ಹೋಟೆಲಿನವನ ಮೇಲೆ, ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿಯ ಮೇಲೆ, ಹೀಗೆ ದಿನಕ್ಕೆ ಒಂದಷ್ಟು ಖರ್ಚಾಗುತ್ತಲೇ ಇರುತ್ತದೆ. ಆದರೆ ದಾರಿ ಗೊತ್ತಿಲ್ಲದೆ ದಾರಿ ತೋರಿಸುವವರ ಮೇಲೆ ಬರುವ ಸಿಟ್ಟು ಬೇರೆಯೇ. ಉಪ್ಪಿನಂಗಡಿಯಲ್ಲಿ ನನ್ನ ಅಜ್ಜನ ತಮ್ಮ ಒಬ್ಬರಿದ್ದರು. ಜಗಲಿಯಲ್ಲಿ ಬೀಡಿ ಸೇದುತ್ತ ಕೂತಿರುತ್ತಿದ್ದ ಅವರನ್ನು ಯಾರಾದರೂ ದಾರಿ ಕೇಳಿದರೆ ಬೀಡಿ ಹಿಡಿದ ಕೈಯನ್ನೇ ಚಾಚಿ, ಹೀಗೇ ಹೋಗಿ, ಸಿಗ್ತದೆ ಎನ್ನುತ್ತಿದ್ದರು. ಕೇಳಿದ್ದು ಯಾವ ಊರಾದರೂ ಕೈ ಹೋಗುತ್ತಿದ್ದದ್ದು ಒಂದೇ ಕಡೆಗೆ. ಇನ್ನೊಂದು ಕಡೆಗೆ ಚಾಚಲು ಜಗಲಿಯ ಕಂಬ ಅಡ್ಡ ಬರುತ್ತಿತ್ತು. ಅವರು ತೀರಿಹೋದ ಮೇಲೆ ಆ ವಿದ್ಯೆಯೂ ಹೋಯಿತು ಎಂದುಕೊಂಡಿದ್ದೆ. ಹೋಗಿರಲಿಲ್ಲ, ಇದೇ ಸೌದಿಯ ಥುಕ್ಬಾದಲ್ಲಿ ಅಂಗಡಿ ಇಟ್ಟುಕೊಂಡಿತ್ತು. ಅದರ ಹೆಸರು ಇಸ್ಮಾಯಿಲ್ ಭಾವ. ನನ್ನ ಹೆಂಡತಿ ಝುಬೈದಾಳ ಸ್ವಂತ ಅಣ್ಣ; ಅವರೂ ನನ್ನನ್ನು ಭಾವ ಎಂದೇ ಕರೆಯುತ್ತಾರೆ.

ಸಂಗತಿ ಇಷ್ಟೇ. ಝುಬೈದಾಳ ಉಮ್ಮ, ಎಂದರೆ ನನ್ನ ಅತ್ತೆ, ವಿಸಿಟ್ ವೀಸಾದಲ್ಲಿ ಬಂದಿದ್ದರು. ಉಮ್ರಾ ಯಾತ್ರೆ ಆಯಿತು, ಮದೀನಾ ಆಯಿತು. ಇನ್ನೇನು ಊರಿಗೆ ಹೊರಡುವ ವಾರ ಬಂತು ಎನ್ನುವಾಗ, ತಬೂಕಿನ ಆಚೆಯ ಬೆಟ್ಟದ ಮೇಲೆ ಹಿಮ ಬಿದ್ದದ್ದನ್ನು ಟಿವಿಯಲ್ಲಿ ನೋಡಿ, ಒಮ್ಮೆ ಮುಟ್ಟಿ ನೋಡಬೇಕಿತ್ತು ಎಂದುಬಿಟ್ಟರು. ಜೀವಮಾನದಲ್ಲಿ ಮಕ್ಕಳ ಹತ್ತಿರ ಏನೂ ಕೇಳದ ಹೆಂಗಸು. ಫ್ರಿಜ್ಜಿನ ಮೇಲಿನ ಬಾಗಿಲು ತೆಗೆದರೆ ಸಾಕಲ್ಲ ಎಂದು ನಾನು ತಮಾಷೆ ಮಾಡಿದೆ. ಯಾರೂ ನಗಲಿಲ್ಲ. ಇಸ್ಮಾಯಿಲ್ ಭಾವ ಫೋನಿನಲ್ಲೇ ಘೋಷಿಸಿದರು: ಆ ಬೆಟ್ಟದ ದಾರಿ ಅವರಿಗೆ ಅಂಗೈ ಇದ್ದ ಹಾಗೆ. ಅವರು ಆ ಕಡೆ ಹೋದವರೇ ಅಲ್ಲ ಎಂಬುದು ನನಗೆ ತಿಳಿದದ್ದು ತಬೂಕ್ ದಾಟಿದ ಮೇಲೆ.

ಜಬಲ್ ಅಲ್ ಲೌಝ್ ಎಂಬ ಆ ಬೆಟ್ಟದ ಬುಡಕ್ಕೆ ಮುಟ್ಟುವಾಗ ಮೇಲಿನ ರಸ್ತೆಯಲ್ಲಿ ಕಾರುಗಳು ಕಟ್ಟಿ ನಿಂತಿದ್ದವು. ಅರ್ಧ ಸೌದಿಯೇ ಹಿಮ ನೋಡಲು ಬಂದ ಹಾಗಿತ್ತು. ಉಮ್ಮನಿಗೆ ಮೊಣಕಾಲು ನೋವು, ಹತ್ತಲಾಗುವುದಿಲ್ಲ. ಭಾವ ಕೂಡಲೇ ತೀರ್ಮಾನ ಕೊಟ್ಟರು: ಹೆಂಗಸರು ಕಾರಿನಲ್ಲಿ ಕೂರಲಿ, ನಾವಿಬ್ಬರು ಕಾಲುದಾರಿಯಲ್ಲಿ ಹತ್ತಿ ಚಹಾದ ದೊಡ್ಡ ಫ್ಲಾಸ್ಕಿನಲ್ಲಿ ಹಿಮ ತುಂಬಿಸಿ ತರುವುದು. ನನ್ನ ವೇಷ ಹೇಳುತ್ತೇನೆ: ತಲೆಗೆ ಮಂಗನ ಟೊಪ್ಪಿ, ಕಾಲಿಗೆ ಆಫೀಸಿನ ಶೂ, ಒದ್ದೆಯಾಗದಿರಲಿ ಎಂದು ಕಾಲುಚೀಲದ ಮೇಲೆ ಖುಬ್ಬೂಸ್ ರೊಟ್ಟಿಯ ಪ್ಲಾಸ್ಟಿಕ್ ತೊಟ್ಟೆ. ನಡೆದರೆ ಮಿಕ್ಸ್ಚರ್ ತಿಂದ ಹಾಗೆ ಸದ್ದು.

ಹೊರಡುವ ಹಿಂದಿನ ದಿನ ನಾನು ಫೋನಿನಲ್ಲಿ ವಿಡಿಯೋ ನೋಡಿ ಪಂಡಿತನಾಗಿದ್ದೆ. ಹಿಮ ಮುಚ್ಚಿದ ದಾರಿಯಲ್ಲಿ ಆಗಾಗ ನಿಂತು ಹಿಂದಕ್ಕೆ ತಿರುಗಿ ನೋಡಬೇಕಂತೆ, ವಾಪಸು ಬರುವಾಗ ಕಾಣುವುದು ಆ ನೋಟವೇ. ಅಲ್ಲಲ್ಲಿ ಕಲ್ಲಿನ ಗುಡ್ಡೆ ಕಟ್ಟಿದ್ದರೆ ಅದು ದಾರಿಯ ಗುರುತಂತೆ. ಇದನ್ನೆಲ್ಲ ಏದುಸಿರಿನ ನಡುವೆ ಭಾವನಿಗೆ ವಿವರಿಸಿದೆ. ಅವರು ನನ್ನ ಕಾಲಿನತ್ತ ನೋಡಿದರು.

“ಎಂತ ಭಾವ, ನೀವು ಕಾಲಿಟ್ಟಲ್ಲೆಲ್ಲ ಬಾವಿ ತೋಡಿದ ಹಾಗೆ ಹೊಂಡ ಬಿದ್ದಿದೆ. ಬರುವಾಗ ಅದನ್ನೇ ನೋಡಿಕೊಂಡು ಬಂದರಾಯ್ತು.”

ನನ್ನ ತೂಕದ ಬಗ್ಗೆ ಆಡಿದ ಮಾತಾದರೂ ತರ್ಕ ಸರಿಯಾಗಿಯೇ ಇತ್ತು. ಹಿಂದೆ ತಿರುಗಿ ನೋಡುವುದನ್ನು ಬಿಟ್ಟೆ. ಮೇಲೆ ಹೋಗಿ ಫ್ಲಾಸ್ಕ್ ತುಂಬಿಸಿದೆವು. ಆಗಲೇ ಇಳಿಯಬೇಕಿತ್ತು. ಭಾವ ಇಳಿಯಬೇಕಲ್ಲ? ಉಪ್ಪಿನಂಗಡಿಗೆ ವಿಡಿಯೋ ಕಾಲ್, ಥುಕ್ಬಾಕ್ಕೆ ವಿಡಿಯೋ ಕಾಲ್, ಅವರ ಅಂಗಡಿಯ ಪಾಲುದಾರ ಭಟ್ಕಳದವರಿಗೆ ವಿಡಿಯೋ ಕಾಲ್. ಅವರ ಫೋನ್ ಸತ್ತ ಮೇಲೆ ನನ್ನದು ಕಸಿದು ಅದನ್ನೂ ಕೊಂದರು. ಅಷ್ಟರಲ್ಲಿ ಬಿಸಿಲು ಬಂತು.

ಹಿಮ ಬಿದ್ದು ದಾರಿ ತಪ್ಪಿದವರಿಗೆ ಬುದ್ಧಿ ಹೇಳುವ ವಿಡಿಯೋಗಳು ಬೇಕಾದಷ್ಟಿವೆ. ಹಿಮ ಕರಗಿ ದಾರಿ ತಪ್ಪಿದವರಿಗೆ ಒಂದೂ ಇಲ್ಲ. ಸೌದಿಯ ಹಿಮ ನೋಡಿ, ಬೆಳಿಗ್ಗೆ ಸಹಿ ಹಾಕಿ ಮಧ್ಯಾಹ್ನಕ್ಕೆ ಮನೆಗೆ ಹೋಗುವ ಗುಮಾಸ್ತನ ಹಾಗೆ. ಬಿಸಿಲಿದ್ದಲ್ಲಿ ಕರಗಿ ನಮ್ಮ ಹೆಜ್ಜೆಗಳನ್ನೆಲ್ಲ ತೊಳೆದುಕೊಂಡು ಹೋಗಿತ್ತು. ನೆರಳಿದ್ದಲ್ಲಿ ಹಾಗೆಯೇ ಉಳಿದು ಕಾಲುದಾರಿಯನ್ನು ಮುಚ್ಚಿಕೊಂಡಿತ್ತು. ಕೆಳಗೆ ಕಣಿವೆಗಳಲ್ಲಿ ಕಾರುಗಳೇನೋ ಕಾಣುತ್ತಿದ್ದವು. ಆದರೆ ಈ ದೇಶದಲ್ಲಿ ಯಾರನ್ನು ಕೇಳಿದರೂ ಬಿಳಿ ಕಾರು. ನಮ್ಮದೂ ಬಿಳಿಯದೇ. ಎಡಗಡೆಯ ಕಣಿವೆಯೋ, ಬಲಗಡೆಯದೋ, ನಡುವಿನದೋ? ಭಾವ ಒಂದು ಕ್ಷಣವೂ ಯೋಚಿಸದೆ ಕೈ ಚಾಚಿದರು. ಆ ಕಡೆ ಇಳಿದೆವು, ಕೊನೆಯಲ್ಲಿ ಕಡಿದಾದ ಬಂಡೆ. ಹತ್ತಿದೆವು. ಮತ್ತೆ ಕೈ ಚಾಚಿದರು. ಒಂದು ಕಲ್ಲಿನ ಗುಡ್ಡೆ ಕಂಡಿತೆಂದು ನಾನು ಓಡಿದೆ. ಹತ್ತಿರ ಹೋದರೆ ಯಾರೋ ಕುರಿ ಕಾಯುವವರು ಚಹಾ ಕಾಯಿಸಿದ ಒಲೆ. ಫ್ಲಾಸ್ಕ್ ಅಲುಗಿಸಿದರೆ ಒಳಗೆ ಗುಳುಗುಳು ಎನ್ನುತ್ತಿತ್ತು. ನಾಡಿದ್ದು ಉಮ್ಮನ ವಿಮಾನ.

ಆಗ ನಾನು ಭಾವನಿಗೆ ಹೇಳಿದ ಮಾತುಗಳನ್ನು ಇಲ್ಲಿ ಬರೆಯಲಾಗುವುದಿಲ್ಲ. ನನ್ನ ಮದುವೆಯ ದಿನ ಊಟದ ಸಭಾಂಗಣಕ್ಕೆಂದು ಅವರು ನಮ್ಮವರನ್ನೆಲ್ಲ ಇನ್ಯಾರದೋ ಮದುವೆಗೆ ಕಳುಹಿಸಿದ್ದರಿಂದ ಹಿಡಿದು ಎಲ್ಲವೂ ಬಂತು. ಅವರು ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡಿಕೊಂಡರು. ಅದಕ್ಕೂ ಸಿಟ್ಟು ಬಂತು. ಅಷ್ಟರಲ್ಲಿ ಕೆಳಗೆಲ್ಲೋ ಕಾರಿನ ಹಾರ್ನ್ ಶುರುವಾಯಿತು. ನಿಲ್ಲಿಸುವ ಲಕ್ಷಣವೇ ಇಲ್ಲ. ಬೆಟ್ಟಕ್ಕೆ ಬಂದರೂ ಹಾರ್ನ್ ಹೊಡೆಯುವ ಜನ ಎಂಥವರು ಎಂದು ಅವರನ್ನೂ ಬೈದೆ.

“ಹಾರ್ನ್ ಕೇಳುವ ಕಡೆಗೆ ಹೋಗುವ ಭಾವ,” ಎಂದರು ಇಸ್ಮಾಯಿಲ್ ಭಾವ, ಮೊದಲ ಸಲ ಮೆಲ್ಲಗೆ.

ಬೆಟ್ಟದಲ್ಲಿ ಸದ್ದು ಬಂಡೆಗೆ ಬಡಿದು ದಿಕ್ಕು ತಪ್ಪಿಸುತ್ತದೆ ಎಂದು ವಿಡಿಯೋದಲ್ಲಿ ಕೇಳಿದ್ದೆ. ಅದು ನೆಪ. ಬೇಡವೆನ್ನಲು ಅದು ಅವರ ಮಾತು ಎಂಬುದೇ ನನಗೆ ಸಾಕಾಗಿತ್ತು. ಅವರು ಆ ಕಡೆ ತಿರುಗಿದಾಗಲೆಲ್ಲ ತೋಳು ಹಿಡಿದು ಈ ಕಡೆ ಎಳೆದೆ. ಕೊನೆಗೆ ಕಾಲುಗಳು ನನ್ನ ಮಾತು ಕೇಳದೆ ಹಾರ್ನ್ ಇದ್ದ ಕಡೆಗೇ ಇಳಿದವು.

ಹಾರ್ನ್ ನಮ್ಮದೇ ಕಾರಿನದು, ಹೊಡೆಯುತ್ತಿದ್ದವಳು ಝುಬೈದಾ. ಪಕ್ಕದಲ್ಲಿ ಚಾಪೆ ಹಾಸಿಕೊಂಡು ಉಮ್ಮ ಒಬ್ಬ ಸೌದಿ ಹೆಂಗಸಿನ ಜೊತೆ ಅರಬ್ಬಿ ಕಾಫಿ, ಕಾವಾ, ಕುಡಿಯುತ್ತಿದ್ದರು. ಕಾರುಗಳ ಸಾಲು ಬಿಡಿಸಿಕೊಂಡು ಮೇಲಿನಿಂದ ಇಳಿದ ಆ ಹೆಂಗಸಿನ ಮನೆಯವರು ಪಿಕಪ್ಪಿನ ಬಾನೆಟ್ ಮೇಲೆ, ಇಲ್ಲಿನವರ ವಾಡಿಕೆಯಂತೆ, ಹಿಮದ ರಾಶಿ ಹೇರಿಕೊಂಡು ತಂದಿದ್ದರು. ಉಮ್ಮ ಎರಡು ಕೈಯಲ್ಲೂ ಬೇಕಾದಷ್ಟು ಮುಟ್ಟಿ, ಕೆನ್ನೆಗೆ ಒತ್ತಿ, ನಾಲಗೆಗೂ ಹಚ್ಚಿ ನೋಡಿಯಾಗಿತ್ತು. ನಾವು ಪ್ರಾಣ ಒತ್ತೆಯಿಟ್ಟು ತಂದ ಫ್ಲಾಸ್ಕಿನ ನೀರಲ್ಲಿ ಅವರು ಕೈಕಾಲು ಮುಖ ತೊಳೆದು ಸಂಜೆಯ ಅಸರ್ ನಮಾಝಿಗೆ ಸಿದ್ಧರಾದರು. ಒಳ್ಳೆ ತಣ್ಣಗಿದೆ ಎಂದರು.

ಆಮೇಲೆ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಳ್ಳುತ್ತ ಬೆಟ್ಟದತ್ತ ನೋಡಿ ಕೇಳಿದರು: “ಇಲ್ಲಿಂದ ನಿಮ್ಮಿಬ್ಬರನ್ನೂ ನೋಡ್ತಾ ಇದ್ದೆವು ಮಕ್ಕಳೇ. ಒಬ್ಬ ಸರಿಯಾಗಿ ಈ ಕಡೆಗೇ ಹೊರಡುವುದು, ಇನ್ನೊಬ್ಬ ಹಿಡಿದು ಆ ಕಡೆ ಎಳೆಯುವುದು. ಅಷ್ಟು ದೂರಕ್ಕೆ ಮುಖ ಗೊತ್ತಾಗಲಿಲ್ಲ. ಆ ಎಳೆಯುತ್ತಿದ್ದ ಬುದ್ಧಿ ಇಲ್ಲದವ ಯಾರು?”

ನಾನು ಶೂ ಬಿಚ್ಚಿ ತೊಟ್ಟೆಯೊಳಗಿನ ನೀರು ಚೆಲ್ಲತೊಡಗಿದೆ.

“ನಾನೇ ಉಮ್ಮ,” ಎಂದರು ಇಸ್ಮಾಯಿಲ್ ಭಾವ.

ಇಷ್ಟು ವರ್ಷಗಳಲ್ಲಿ ಆ ಮನುಷ್ಯನ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಅಲ್ಲ, ಎಳೆದದ್ದು ನಾನು ಎಂದು ಆಗಲೇ ಹೇಳಿಬಿಡುತ್ತಿದ್ದೆ. ಆದರೆ ಉಮ್ಮ ಅಷ್ಟರಲ್ಲಿ ಮಗನನ್ನು ಬೈಯಲು ಶುರು ಮಾಡಿದ್ದರು, ಮತ್ತು ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕುವುದನ್ನು ನಮ್ಮ ಮನೆಯಲ್ಲಿ ಕಲಿಸಿಲ್ಲ.