ಬೆಂಚಿನ ಮೇಲಿನ ಗೋಲ್‌ಕೀಪರ್

ಸುಮ್ಮನೆ ಕೂರುವುದೂ ಒಂದು ವಿದ್ಯೆ. ಅದು ನನಗೆ ಒಲಿಯಲಿಲ್ಲ. ಕುರ್ಚಿಯಲ್ಲಿ ಕೂತರೆ ಮೊಣಕಾಲು ತಾನಾಗಿ ಕುಣಿಯುತ್ತದೆ. ಊಟಕ್ಕೆ ಕೂತರೆ ಫೋನು ನೋಡಲು ಎದ್ದು ಹೋಗುತ್ತೇನೆ, ಫೋನು ನೋಡುತ್ತ ಊಟ ಮರೆಯುತ್ತೇನೆ. “ಕುರ್ಚಿಗೇನು ಇರಬಿ ಹತ್ಯಾವೇನ್ರಿ? ಒಂದ್ಕಡೆ ಕುಂದರ್ರಿ” ಎಂದು ಹೆಂಡತಿ ಸುಮಾ ಗದರುತ್ತಾಳೆ. ಕಳೆದ ತಿಂಗಳು ಈ ಕಾಯಿಲೆ ವಿಪರೀತಕ್ಕೆ ಹೋಗಿತ್ತು. ಕಾರಣ ಇರುವೆಯಲ್ಲ, ಇನ್ನೊಂದು ಕುರ್ಚಿ.

ಮಸ್ಕತ್‌ನಿಂದ ದೂರದ ದುಕ್ಮ್ ಬಂದರಿನ ನಮ್ಮ ಕಂಪನಿಯಲ್ಲಿ ಮೆಂಟೇನೆನ್ಸ್ ಮ್ಯಾನೇಜರ್ ಆಗಿದ್ದ ಐರ್ಲೆಂಡಿನ ಡೆಕ್ಲನ್ ನಿವೃತ್ತನಾಗಿ ಊರಿಗೆ ಹೊರಟಿದ್ದ. ನಾನು ಅವನ ಡೆಪ್ಯುಟಿ. ಆ ಕುರ್ಚಿ ನನಗೇ ಬರುತ್ತದೆಂದು ಸುಮಾ ಬಾಗಲಕೋಟೆಯ ಅರ್ಧ ಬಳಗಕ್ಕೆ ಹೇಳಿಬಿಟ್ಟಿದ್ದಳು. ಉಳಿದರ್ಧಕ್ಕೆ ನಾನು ಹೇಳಿದ್ದೆ.

ಹರೆಯದಲ್ಲಿ ಡೆಕ್ಲನ್ ತನ್ನ ಜಿಲ್ಲೆಯ ಹರ್ಲಿಂಗ್ ತಂಡದ ಗೋಲ್‌ಕೀಪರ್. ಹರ್ಲಿಂಗ್ ಅಂದರೆ ಅಗಲ ಮೂತಿಯ ಕೋಲು ಹಿಡಿದು, ತೊಗಲಿನ ಗಟ್ಟಿ ಚೆಂಡನ್ನು ಎದುರಿನವನ ತಲೆಯ ಗೊಡವೆಯಿಲ್ಲದೆ ಬಾರಿಸುವ ಆಟ. ಅವನು ಎರಡನೆಯ ಗೋಲ್‌ಕೀಪರ್ ಎಂಬುದು ನನಗೆ ತಿಳಿದದ್ದು ತಡವಾಗಿ, ಕ್ಯಾಂಟೀನಿನಲ್ಲಿ. ಮೊದಲನೆಯವನಿಗೆ ಪೆಟ್ಟಾಗದ ಹೊರತು ಎರಡನೆಯವನಿಗೆ ಆಟವಿಲ್ಲ. ಆಟಕ್ಕೆ ಮುಂಚೆ ಮೊದಲನೆಯವನ ಕೈ ಪಳಗಲೆಂದು ಅವನತ್ತ ಚೆಂಡು ಹೊಡೆದುಕೊಡುವುದೇ ಇವನ ಕೆಲಸ. “ನಾನು ಚೆನ್ನಾಗಿ ಹೊಡೆದಷ್ಟೂ ಅವನು ಚೆನ್ನಾಗಿ ಆಡುತ್ತಿದ್ದ. ಅವನು ಚೆನ್ನಾಗಿ ಆಡಿದಷ್ಟೂ ನನಗೆ ಬೆಂಚೇ ಗತಿ” ಎಂದು ಡೆಕ್ಲನ್ ನಕ್ಕ. ನಾನೂ ನಕ್ಕೆ. ಆಮೇಲೆ ಅವನ ಪ್ರತಿ ಮೀಟಿಂಗಿನ ಸ್ಲೈಡುಗಳನ್ನು ಮಾಡಿಕೊಡುತ್ತಿದ್ದವನು ಯಾರೆಂದು ನೆನಪಾಗಿ ಮೊಣಕಾಲು ಕುಣಿಯತೊಡಗಿತು.

ಒಮ್ಮೆ ಮೊದಲನೆಯವನ ಬೆರಳು ಮುರಿದು ಡೆಕ್ಲನ್ ಕೊನೆಗೂ ಗೋಲಿಗೆ ನಿಂತನಂತೆ. ಆಟ ಮುಗಿಯುವ ತನಕ ಚೆಂಡು ಅವನತ್ತ ಸುಳಿಯಲೇ ಇಲ್ಲವಂತೆ. ಹೀಗೆಂದು ನಾನು ದಿನಚರಿಯಲ್ಲಿ ಬರೆದಿದ್ದೇನೆ. ಆದರೆ ಅದೇ ಮೇಜಿನಲ್ಲಿ ಕೂತಿದ್ದ ಅಕೌಂಟ್ಸಿನ ಶೆಟ್ಟರು ಒಪ್ಪುವುದಿಲ್ಲ. “ಎಂಥದ್ದು ಮಾರಾಯ್ರೆ! ಬಾಲ್ ಬಂದಿದೆ, ಇವ ಎದೆ ಕೊಟ್ಟು ನಿಲ್ಲಿಸಿದ್ದಾನೆ. ನೀವು ಆಗ ಸಾಂಬಾರು ತರ್ಲಿಕ್ಕೆ ಎದ್ದು ಹೋಗಿದ್ರಿ.” ಹೋಗಿರಬಹುದು. ಎದ್ದು ಓಡಾಡುವವನ ನೆನಪಿನಲ್ಲಿ ಇಂಥ ತೂತುಗಳು ಬಹಳ.

ಕೊನೆಗೆ ನನ್ನ ಸರದಿಯೂ ಬಂತು. ಸಾಮಾನು ಕಟ್ಟುತ್ತ, ಹಳೆಯ ಕೋಲುಗಳ ಚೀಲ ಎತ್ತಲು ಹೋಗಿ ಡೆಕ್ಲನ್ ಸೊಂಟ ಹಿಡಿಸಿಕೊಂಡ. ಮಸ್ಕತ್‌ನಿಂದ ದೊಡ್ಡ ಸಾಹೇಬರು ಬರುವ ಭಾನುವಾರದ ಮೀಟಿಂಗು ನನ್ನ ಪಾಲಿಗೆ ಬಿತ್ತು. ಮಲಗಿದಲ್ಲಿಂದಲೇ ಡೆಕ್ಲನ್ ಫೋನು ಮಾಡಿ, “ಕಾಲು ಅಲ್ಲಾಡಿಸಬೇಡ, ಚೆಂಡಿನ ಮೇಲೆ ಕಣ್ಣಿಡು” ಎಂದ. ಸಾಹೇಬರು ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ಊಹಿಸಿ, ಸ್ನಾನದ ಮನೆಯಲ್ಲಿ ಗಟ್ಟಿಯಾಗಿ ಉತ್ತರಿಸಿ ಅಭ್ಯಾಸ ಮಾಡಿದೆ. “ಒಳಗ ಯಾರದಾರ್ರಿ?” ಎಂದು ಸುಮಾ ಬಾಗಿಲು ಬಡಿದಳು.

ಮೀಟಿಂಗಿನಲ್ಲಿ ಸ್ಲೈಡು ಮುಗಿಸಿ, ಮೇಜಿನಂಚನ್ನು ಭದ್ರವಾಗಿ ಹಿಡಿದು, ಪ್ರಶ್ನೆಗೆ ಕಾದು ನಿಂತೆ. ಸಾಹೇಬರು ಗಡಿಯಾರ ನೋಡಿಕೊಂಡರು. “ಖಲಾಸ್? ಯಲ್ಲಾ, ಊಟಕ್ಕೆ ಹೋಗೋಣ” ಎಂದು ಎದ್ದರು. ಅಷ್ಟೇ! ಊಟಕ್ಕೆ ಹೋಗುತ್ತ ಹೆಗಲ ಮೇಲೆ ಕೈಯಿಟ್ಟರು. “ಸ್ಲೈಡು ಚೆನ್ನಾಗಿದ್ದವು. ಇಷ್ಟು ದಿನವೂ ನೀನೇ ಮಾಡುತ್ತಿದ್ದದ್ದಾ?” “ಹೌದು ಸರ್, ಎಲ್ಲಾ ನಾನೇ” ಎಂದೆ, ಎದೆಯುಬ್ಬಿಸಿ. “ಬಹಳ ಒಳ್ಳೆಯದಾಯಿತು. ಸೊಹಾರ್ ಶಾಖೆಯಿಂದ ಹೊಸ ಮ್ಯಾನೇಜರ್ ಬರುತ್ತಿದ್ದಾರೆ. ಅವರಿಗೂ ಮಾಡಿಕೊಡು.”

ಸಂಜೆ ಊಟದ ಮೇಜಿನಲ್ಲಿ ಸುಮಾ ರೊಟ್ಟಿ ಬಡಿಸಿ, ಎದುರಿಗೆ ಕೂತಳು. “ಏನಾತ್ರಿ?”

ನಿಜ ಹೇಳಬೇಕೆಂದೇ ಬಾಯಿ ತೆರೆದೆ. “ಸಾಹೇಬ್ರು ಒಂದ್ ಪ್ರಶ್ನೆ ಕೇಳಿದ್ರು ನೋಡು. ಎಲ್ಲಾರ ಬಾಯಿ ಬಂದಾತು. ನಾ ಉತ್ತರ ಕೊಟ್ನಿ.”

“ಮತ್ತ ಕುರ್ಚಿ?”

“ಅದು ಸೊಹಾರ್‌ದವ್ರಿಗೆ.”

ಅವಳು ನನಗೊಂದು ರೊಟ್ಟಿ ಹೆಚ್ಚಿಗೆ ಹಾಕಿ, “ಹೋಗ್ಲಿ ಬಿಡ್ರಿ. ಏನು ಕೇಳಿದ್ರು ಪ್ರಶ್ನೆ?” ಎಂದಳು.

ಸಾರಿನ ಪಾತ್ರೆ ನನ್ನ ಮುಂದೆಯೇ ಇತ್ತು. ಆದರೂ ನಾನು ಸಾರು ತರಲು ಎದ್ದೆ.