ನಮ್ಮ ಮಿಡ್ಲ್ ಸ್ಕೂಲನ್ನು ಪರೀಕ್ಷೆ ಮಾಡಿದವರು

ಒಂದು ಶಾಲೆ ಒಳ್ಳೆಯದೋ ಅಲ್ಲವೋ ಎಂದು ನೋಡುವುದಕ್ಕೆ ಸರ್ಕಾರ ಸಂಬಳ ಕೊಟ್ಟು ಇನ್ಸ್‌ಪೆಕ್ಟರನ್ನು ಇಟ್ಟಿರುತ್ತದೆ. ನಮ್ಮ ಮಿಡ್ಲ್ ಸ್ಕೂಲಿಗೆ ಮಾತ್ರ ಸಂಬಳವಿಲ್ಲದ ಇನ್ಸ್‌ಪೆಕ್ಟರುಗಳೇ ಹೆಚ್ಚು. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹೋಗುವವರು ಕೂಡ ಕಿಟಕಿಯ ಹತ್ತಿರ ನಿಂತು, ಒಳಗೆ ಬಗ್ಗಿ ನೋಡಿ, ಒಂದು ತೀರ್ಪು ಕೊಟ್ಟೇ ಮುಂದೆ ಹೋಗುತ್ತಿದ್ದರು.

ಊರು ಸಾದಲಿಯ ಕಡೆ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬೆಂಗಳೂರಿನಲ್ಲಿ ಕಾನ್ವೆಂಟಿನಲ್ಲಿ ಓದಿ ಇಂಟರ್‌ಮೀಡಿಯೆಟ್ ಮುಗಿಸಿದ್ದೆ. ನಮ್ಮ ತಂದೆಗೆ ಶಿಡ್ಲಘಟ್ಟಕ್ಕೆ ವರ್ಗವಾಯಿತು. ಸಾದಲಿ ಕಡೆಯ ಈ ಊರಲ್ಲಿ ಇಂಗ್ಲಿಷ್ ಹೇಳಿಕೊಡುವವರು ಯಾರೂ ಇಲ್ಲವೆಂದು ನನ್ನನ್ನು ಟೆಂಪರರಿಯಾಗಿ ಹಾಕಿದರು. ವಾರವೆಲ್ಲ ಅಲ್ಲೇ, ಒಬ್ಬ ಅಜ್ಜಿಯ ಮನೆಯ ಮುಂದಿನ ಕೋಣೆಯಲ್ಲಿ ವಾಸ.

ನಮ್ಮ ಶಾಲೆ ಏಳನೇ ತರಗತಿಗೆ ನಿಂತುಹೋಗುತ್ತಿತ್ತು. ಎಂಟನೆಯದಕ್ಕೆ ಹುಡುಗರು ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ ಹೋಗುತ್ತಿದ್ದರು, ಹುಡುಗಿಯರು ಒಲೆಯ ಮುಂದಕ್ಕೆ ಹೋಗುತ್ತಿದ್ದರು. ಅಜ್ಜಿಯ ಮೊಮ್ಮಗಳು ಆ ವರ್ಷ ಏಳನೇ ತರಗತಿ. ಬೆಲ್ಲ ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ, ಅಂಟು ಒರೆಸಿ ಓದುವ ಹುಡುಗಿ. "ಊರಲ್ಲೇ ಎಂಟನೇದು ಬಂದ್ರೆ ಓದ್ಲಿ. ಬಸ್ಸಲ್ಲಂತೂ ಕಳ್ಸಲ್ಲ," ಎಂದು ಅವಳ ಅಪ್ಪ ಹೇಳಿಬಿಟ್ಟಿದ್ದ. ಇನ್ಸ್‌ಪೆಕ್ಟರು ಬಂದು ಶಾಲೆ ಚೆನ್ನಾಗಿದೆ ಎಂದು ಬರೆದರೆ ಎಂಟನೇ ತರಗತಿ ಸಿಗುತ್ತದೆ ಎಂದು ಮೇಲಿನಿಂದ ಸುದ್ದಿ ಬಂದಿತ್ತು. ಸರಿ, ಊರಿಗೆ ಊರೇ ಶಾಲೆಯ ಗುಣ ಪರೀಕ್ಷೆಗೆ ನಿಂತಿತು.

ಸದ್ದು

ಅರಳಿಕಟ್ಟೆಯ ಮೇಲೆ ಕೂತವರು ಶಾಲೆಯನ್ನು ಕಿವಿಯಿಂದ ಅಳೆಯುತ್ತಿದ್ದರು. ಮಗ್ಗಿ ಕಟ್ಟೆಯವರೆಗೆ ಕೇಳಿಸಿದರೆ ಪಾಠ ನಡೀತಿದೆ ಎಂದು ಅರ್ಥ. ನನ್ನ ದನಿಯೋ ಮೊದಲನೇ ಬೆಂಚು ದಾಟಿದರೆ ಹೆಚ್ಚು. ನಾನು ಸೇರಿದ ಕೆಲವೇ ದಿನಕ್ಕೆ ಪಟೇಲರು ಶಾಲೆಯ ಬಾಗಿಲಿಗೆ ಬಂದರು.

"ಏನ್ ಹೆಡ್‌ಮೇಷ್ಟ್ರೇ, ಆ ಟೀಚರಮ್ಮನ ಕ್ಲಾಸಲ್ಲಿ ಏನೂ ನಡೀತಿಲ್ವಂತಲ್ಲ?"

"ನಡೀತಿದೆ ಪಟೇಲ್ರೇ. ಇಂಗ್ಲಿಷು."

"ಇಂಗ್ಲಿಷ್‌ಗೆ ಸದ್ದಿಲ್ವ? ಇಂಗ್ಲಿಷ್ನೋರು ಇನ್ನೂರು ವರ್ಷ ಹಿಂಗೇ ಪಿಸುಗುಟ್ಕೊಂಡು ಆಳಿದ್ರಾ?"

ನಾನು ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗಿ ನಿಂತುಬಿಟ್ಟೆ. ಹೆಡ್‌ಮೇಷ್ಟ್ರು ಒಳ್ಳೆಯವರು, ಯಾರ ಮನಸ್ಸನ್ನೂ ನೋಯಿಸುವವರಲ್ಲ. ಮಾರನೇ ದಿನದಿಂದ ಒಂದು ಏರ್ಪಾಡು ಮಾಡಿದರು. ನನ್ನ ಪಾಠದ ಹೊತ್ತಿನಲ್ಲಿ ಅರ್ಧ ಕ್ಲಾಸು ಇಂಗ್ಲಿಷ್ ಕಲಿಯುವುದು, ಇನ್ನರ್ಧ ಕ್ಲಾಸು ಕಿಟಕಿಯ ಹತ್ತಿರ ನಿಂತು ಊರಿಗೆ ಕೇಳುವ ಹಾಗೆ ಮಗ್ಗಿ ಕೂಗುವುದು, ಆಮೇಲೆ ಅದಲು ಬದಲು. ಕಟ್ಟೆಯವರಿಗೆ ಸಂತೋಷವಾಯಿತು. "ಈಗ ನೋಡು, ಇಂಗ್ಲಿಷು ಎಷ್ಟು ಚೆನ್ನಾಗಿ ಕೇಳಿಸ್ತಿದೆ," ಎಂದರಂತೆ.

ಒಂದು ತಿಂಗಳು ಹೀಗೆ ನಡೆಯಿತು. ಒಂದು ಬೆಳಿಗ್ಗೆ ಪಟೇಲರೇ ಮೆಟ್ಟು ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಓಡಿ ಬಂದರು. ಅವರ ಮನೆ ಶಾಲೆಗೆ ಅಂಟಿಕೊಂಡೇ ಇತ್ತು, ಮನೆ ತುಂಬ ರೇಷ್ಮೆ ಹುಳದ ತಟ್ಟೆಗಳು. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ಅಲ್ಲಾಡದೆ ಮಲಗುತ್ತವೆ. ಆ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರದ ಮನೆಯ ಹತ್ತಿರ ಗದ್ದಲವಾಗಬಾರದು ಎಂದು ಪಟೇಲರ ನಂಬಿಕೆ.

"ಹೆಡ್‌ಮೇಷ್ಟ್ರೇ, ನಿಮ್ಮ ದಮ್ಮಯ್ಯ, ಆ ಮಗ್ಗಿ ನಿಲ್ಸಿ. ಹುಳ ಜ್ವರಕ್ಕೆ ಕೂತಿವೆ. ಎಲ್ಲಾ ಕ್ಲಾಸಿಗೂ ಆ ಟೀಚರಮ್ಮನ್ನೇ ಬಿಡಿ. ಅಂಥಾ ಟೀಚರು ಈ ತಾಲ್ಲೂಕಲ್ಲೇ ಇಲ್ಲ!"

ಹುಳಕ್ಕೆ ಜ್ವರ ಬಿಟ್ಟಿತು, ನನ್ನ ಹೆಸರೂ ಅದರ ಜೊತೆಗೇ ಹೋಯಿತು.

ಸ್ಯಾಂಪಲ್ಲು

ಚಿಂತಾಮಣಿಯ ಕಡೆಯಿಂದ, ಕೆಂಚಾರ್ಲಹಳ್ಳಿಯ ಆಚೆಯಿಂದ, ಒಬ್ಬ ರೈತರು ಬಂದರು. ಮಾತಿಗೆ ಮೊದಲು ತೆಲುಗು, ಆಮೇಲೆ ಕನ್ನಡ. ಮಗನನ್ನು ನಮ್ಮೂರಿನ ನೆಂಟರ ಮನೆಯಲ್ಲಿ ಬಿಟ್ಟು ಓದಿಸಬೇಕೆಂದು ಯೋಚನೆ. ಬಂದವರು ಮೊದಲು ಶಾಲೆಯ ಸುತ್ತ ಒಂದು ಸುತ್ತು ಹಾಕಿದರು. ಕಂಬವನ್ನು ತಟ್ಟಿದರು. ಬೆಂಚನ್ನು ಅಲ್ಲಾಡಿಸಿದರು. ಹೆಡ್‌ಮೇಷ್ಟ್ರ ಎದುರು ನಿಂತು, ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಮೇಷ್ಟ್ರು ಒಂದೀಟು ಬಡವಾಗಿದ್ದಾರೆ. ಪೋನಿ, ಪರವಾಗಿಲ್ಲ," ಎಂದರು. ದನಗಳ ಜಾತ್ರೆಯಲ್ಲಿ ನೋಡಿದ ಹಾಗೆಯೇ. ಇನ್ನೇನು ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ ಎಂದುಕೊಂಡೆ.

ಕೊನೆಗೆ ಕೇಳಿದರು, "ಸಾಮೀ, ಎತ್ತು ತಗೊಂಡ್ರೂ ಒಂದು ದಿನ ನೇಗಿಲಿಗೆ ಕಟ್ಟಿ ನೋಡ್ತೀವಿ. ನಿಮ್ಮ ಏಳನೇ ಕ್ಲಾಸಿಂದ ಒಬ್ಬನ್ನ ಸ್ಯಾಂಪಲ್‌ಗೆ ಕೊಡಿ. ಭಾನುವಾರ ಇಟ್ಕೊಂಡು, ಸೋಮವಾರ ವಾಪಸ್ ತಂದ್ಬಿಡ್ತೀನಿ."

ಕೊಡುವುದಿಲ್ಲ ಎನ್ನಲು ಹೆಡ್‌ಮೇಷ್ಟ್ರಿಗೆ ಬಾಯಿ ಬರಲಿಲ್ಲ. ಲೆಕ್ಕದಲ್ಲಿ ಚುರುಕಾದ ಒಬ್ಬ ಹುಡುಗನನ್ನು ಅವನ ಮನೆಯವರನ್ನು ಕೇಳಿ ಕಳಿಸಿದರು. ಎರಡು ದಿನ ಹೆಡ್‌ಮೇಷ್ಟ್ರಿಗೆ ನಿದ್ದೆಯಿಲ್ಲ. "ಬಡ್ಡಿ ಲೆಕ್ಕ ಕೇಳಿದ್ರೆ ಹೇಳ್ತಾನೆ. ರಾಗಿ ಅಳತೆ ಕೇಳಿದ್ರೆ ಕಷ್ಟ," ಎಂದು ನನ್ನ ಹತ್ತಿರ ಬಂದು ಬಂದು ಹೇಳುತ್ತಿದ್ದರು.

ಸೋಮವಾರ ರೈತರು ಬಂದರು. ಹುಡುಗನ ತುಟಿಯ ಮೇಲೆ ಇನ್ನೂ ತುಪ್ಪ ಮಿನುಗುತ್ತಿತ್ತು.

"ಹೆಂಗಿದ್ದಾನೆ?" ಹೆಡ್‌ಮೇಷ್ಟ್ರು ಕೇಳಿದರು.

ರೈತರು ಹುಡುಗನ ಬೆನ್ನು ಚಪ್ಪರಿಸಿದರು. "ಪತ್ರ ಓದ್ದ. ಲೆಕ್ಕ ಹೇಳ್ದ. ಸುಳಿ ಚೆನ್ನಾಗಿದೆ. ಸ್ಕೂಲೇನೋ ಒಳ್ಳೇದೇ." ಆಮೇಲೆ ನಿಟ್ಟುಸಿರು ಬಿಟ್ಟರು. "ಮೇವು ಜಾಸ್ತಿ."

ಆ ವಾರವೆಲ್ಲ ಏಳನೇ ತರಗತಿಯಲ್ಲಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಇನ್ಯಾರಾದ್ರೂ ಸ್ಯಾಂಪಲ್ ಕೇಳಿದ್ದಾರಾ ಮೇಡಂ?"

ಸುಣ್ಣ

ಪಂಚಾಯಿತಿ ಛೇರ್ಮನ್ನರು ಶಾಲೆಗೆ ಸುಣ್ಣ ಹೊಡೆಸುತ್ತೇನೆಂದರು. ಬಸ್ಸು ಬರುವ ಕಡೆಯ ಗೋಡೆ ಹಾಲಿನ ಹಾಗಾಯಿತು. ಅಷ್ಟಕ್ಕೆ ಸುಣ್ಣ ಮುಗಿಯಿತು.

"ಸಾಕು ಬಿಡಿ," ಎಂದರು ಛೇರ್ಮನ್ನರು. "ಇನ್ಸ್‌ಪೆಕ್ಟ್ರು ಬರೋ ಬಸ್ಸಿಗೆ ಕಾಣೋದು ಈ ಗೋಡೇನೇ."

"ಹೋಗೋ ಬಸ್ಸಿಗೆ ಆ ಕಡೆ ಗೋಡೆ ಕಾಣತ್ತಲ್ಲ ಸ್ವಾಮಿ?" ಎಂದರು ಹೆಡ್‌ಮೇಷ್ಟ್ರು.

ಛೇರ್ಮನ್ನರು ಯೋಚಿಸಿದರು. "ಕತ್ತಲಾಗೋವರ್ಗೂ ಊಟ ಹಾಕಣ."

ಆದರೂ ಆ ಗೋಡೆ ಎಷ್ಟು ಕೆಟ್ಟಿದೆ ನೋಡೋಣವೆಂದು ಎಲ್ಲರೂ ಹಿಂದಕ್ಕೆ ಹೋದೆವು. ಇದ್ದಿಲಿನಲ್ಲಿ ಬರೆದ ಬಸ್ಸು, ಕೋತಿ, ನಡುವೆ ಛತ್ರಿ ಹಿಡಿದ ಹೆಡ್‌ಮೇಷ್ಟ್ರು. ಕೆಳಗೆ ಅವರ ಹೆಸರು ಬರೆದಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಛೇರ್ಮನ್ನರು ಕೆಮ್ಮಿದರು. ನಾನು ಆಕಾಶ ನೋಡಿದೆ. ಹೆಡ್‌ಮೇಷ್ಟ್ರು ಮಾತ್ರ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಯಾರಮ್ಮ ಬರೆದಿದ್ದು?"

ಯಾರೆಂದು ನನಗೆ ಗೊತ್ತಿತ್ತು. ಪಿಸುಮಾತಿನಲ್ಲೇ ಹೇಳಿದೆ.

"ಅವನಿಗೆ ಡ್ರಾಯಿಂಗಲ್ಲಿ ನಾನು ಏನು ಕೊಟ್ಟಿದ್ದೀನಿ?"

"ಫೇಲ್ ಮಾಡಿದ್ದೀರಿ ಸಾರ್."

"ತಪ್ಪು ಮಾಡ್ದೆ ಕಣಮ್ಮ," ಎಂದರು ಹೆಡ್‌ಮೇಷ್ಟ್ರು ಮೂಗು ಮುಟ್ಟಿಕೊಂಡು. "ಇದನ್ನ ಬಿಟ್ರೆ ನಮ್ಮ ಸ್ಕೂಲಲ್ಲಿ ಯಾವುದೂ ಇಷ್ಟು ಸರಿಯಾಗಿ ಬಂದಿಲ್ಲ."

ಇನ್ಸ್‌ಪೆಕ್ಷನ್ನು

ಕೊನೆಗೆ ಇನ್ಸ್‌ಪೆಕ್ಟರು ನಿಜವಾಗಿ ಬಂದರು. ಶುಕ್ರವಾರ ಬರುತ್ತೇನೆಂದವರು ಬುಧವಾರವೇ ಬಸ್ಸಿಳಿದರು. ಅವತ್ತು ಊರಿನ ಹುಳವೆಲ್ಲ ಹಣ್ಣಾಗಿತ್ತು.

ಹಣ್ಣು ಹುಳ ಯಾರಿಗೂ ಕಾಯುವುದಿಲ್ಲ. ಮೈ ಹೊಂಬಣ್ಣಕ್ಕೆ ತಿರುಗಿದ್ದನ್ನು ಆಯ್ದು ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ತಟ್ಟೆಯಲ್ಲೇ ಗೂಡು ಕಟ್ಟಿ ಎಲ್ಲ ಹಾಳು. ಆ ದಿನ ಮಗುವಿನಿಂದ ಮುದುಕರವರೆಗೆ ಎಲ್ಲರ ಕೈಯೂ ಬೇಕು. ಶಾಲೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಏಳನೇ ತರಗತಿ ಪೂರ್ತಿ ಅಜ್ಜಿಯ ಮನೆಯಲ್ಲಿತ್ತು. ಅಲ್ಲಿ ಹುಳ ಆಯ್ದವರಿಗೆ ಹುರಿಗಡಲೆ, ಬೆಲ್ಲ ಸಿಗುತ್ತಿತ್ತು.

ಬಸ್ ನಿಲ್ಲುವುದೂ ಅಜ್ಜಿಯ ಮನೆಯ ಮುಂದೆಯೇ. ಹೆಡ್‌ಮೇಷ್ಟ್ರು ಓಡಿ ಬಂದು ಕೈ ಮುಗಿದರು.

"ಮಕ್ಕಳೆಲ್ಲಿ?" ಇನ್ಸ್‌ಪೆಕ್ಟರು ಕೇಳಿದರು.

"ಇವತ್ತು ಕ್ರಾಫ್ಟ್ ಪೀರಿಯಡ್ ಸಾರ್. ಗ್ರಾಮದ ಕಸುಬು."

"ಯಾವ ಕ್ಲಾಸಿಗೆ?"

ಹೆಡ್‌ಮೇಷ್ಟ್ರು ಇನ್ನೊಂದು ಸಲ ಕೈ ಮುಗಿದರು. "ಎಲ್ಲಾ ಕ್ಲಾಸಿಗೂ ಸಾರ್."

"ಭೇಷ್! ಅಲ್ಲೇ ನೋಡಿಬಿಡೋಣ," ಎಂದು ಇನ್ಸ್‌ಪೆಕ್ಟರು ಬಾಗಿಲಿಗೆ ನಡೆದರು. ಹೊಸಿಲಿನಲ್ಲಿ ಅಜ್ಜಿ ಅಡ್ಡ ನಿಂತು ಮೂಗರಳಿಸಿ ಗಾಳಿಯನ್ನು ಒಂದು ಸಲ ಎಳೆದರು.

"ನಶ್ಯ!"

ಹೊಗೆಸೊಪ್ಪಿನ ವಾಸನೆ ರೇಷ್ಮೆ ಹುಳಕ್ಕೆ ವಿಷ. ಇನ್ಸ್‌ಪೆಕ್ಟರ ಕೋಟಿನ ಜೇಬಿನಲ್ಲಿ ನಶ್ಯದ ಡಬ್ಬಿಯಿತ್ತು. ಹೆಡ್‌ಮೇಷ್ಟ್ರ ಜೇಬಿನಲ್ಲೂ ಇತ್ತು. ಸಿಟ್ಟು ಬಂದರೆ ಅಜ್ಜಿಗೆ ತೆಲುಗು ಬರುತ್ತಿತ್ತು. "ಪೋವಯ್ಯಾ ಅವತಲಿಕಿ! ಇಬ್ಬರೂ ಆ ಕಡೆ ಜಗಲೀಗೆ ಹೋಗಿ!"

"ಅಜ್ಜೀ, ಇವರು ಇನ್ಸ್‌ಪೆಕ್ಟರು," ಎಂದರು ಹೆಡ್‌ಮೇಷ್ಟ್ರು.

"ಹುಳಕ್ಕೆ ಗೊತ್ತಾ ಅದು?"

ಹಾಗಾಗಿ ಇನ್ಸ್‌ಪೆಕ್ಟರು ಬೀದಿಯಾಚೆ, ಎದುರು ಮನೆಯ ಜಗಲಿಯಲ್ಲಿ ಕೂತರು. ಏಳನೇ ತರಗತಿ ಬೀದಿಯೀಚೆ, ಮನೆಯೊಳಗೆ. ನಡುವೆ ನಾನು. ಇನ್ಸ್‌ಪೆಕ್ಟರು ಬೀದಿಯಲ್ಲಿ ಕಿರುಚುವವರಲ್ಲ. ನನ್ನ ದನಿ ನಡುಮನೆ ಮುಟ್ಟುವುದಿಲ್ಲ. ಅವರು ಪ್ರಶ್ನೆ ಹೇಳುವುದು, ನಾನು ಬೀದಿ ದಾಟಿ ಕಿಟಕಿಯಲ್ಲಿ ಅಜ್ಜಿಗೆ ಪಿಸುಗುಟ್ಟುವುದು, ಅಜ್ಜಿ ಒಳಗೆ ಕೂಗುವುದು.

"ಕಾವೇರಿ ಎಲ್ಲಿ ಹುಟ್ಟುತ್ತದೆ?" ಮೊದಲನೇ ಪ್ರಶ್ನೆ.

ಅಜ್ಜಿ ಒಳಗೆ ಕೂಗಲೇ ಇಲ್ಲ. ನನಗೇ ಹೇಳಿದರು, "ಅದೆಲ್ಲೋ ಹುಟ್ಟಿ ಎಲ್ಲೋ ಹೋಗತ್ತೆ ಕಣಮ್ಮ, ನಮಗೇನು? ನಂದಿ ಬೆಟ್ಟದಲ್ಲಿ ಹುಟ್ಟೋದು ಕೇಳು ಅನ್ನು. ಮಕ್ಳು ಹೇಳ್ತಾವೆ."

ಬೀದಿ ದಾಟಿ ಇದನ್ನು ಹೇಗೆ ಹೇಳಲಿ? "ಸಾರ್, ಪ್ರಶ್ನೆ ಬದಲಾಯಿಸಬೇಕಂತೆ," ಎಂದೆ. ಹೆಡ್‌ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಇನ್ಸ್‌ಪೆಕ್ಟರು ನನ್ನ ಮುಖ ನೋಡಿ, ಲೆಕ್ಕಕ್ಕೆ ಹೋದರು. ಒಂದು ತೊಟ್ಟಿಯನ್ನು ಒಂದು ನಲ್ಲಿ ತುಂಬುತ್ತದೆ, ಇನ್ನೊಂದು ನಲ್ಲಿ ಖಾಲಿ ಮಾಡುತ್ತದೆ, ಎರಡನ್ನೂ ಒಟ್ಟಿಗೆ ಬಿಟ್ಟರೆ ತೊಟ್ಟಿ ಯಾವಾಗ ತುಂಬುತ್ತದೆ?

"ಅಯ್ಯೋ ರಾಮ!" ಅಜ್ಜಿ ಈ ಸಲ ಕಿಟಕಿಯಿಂದ ನೇರವಾಗಿ ಬೀದಿಗೇ ಕೂಗಿದರು. "ಸ್ವಾಮೀ, ಮೊದ್ಲು ಆ ಖಾಲಿ ಮಾಡೋ ನಲ್ಲಿ ನಿಲ್ಸಿ! ಲೆಕ್ಕ ಆಮೇಲೆ ಮಾಡಣ!"

ಎಂಟನೇ ತರಗತಿ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಒಳಗೆ ಮೊಮ್ಮಗಳು ಅಂಗೈ ತುಂಬ ಹುಳ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಅವಳ ಮುಖ ನೋಡಲಾರದೆ ಮತ್ತೆ ಬೀದಿ ದಾಟಿದೆ.

ಇನ್ಸ್‌ಪೆಕ್ಟರು ಬೇಸತ್ತು ಎದ್ದು, ತಾವೇ ಬೀದಿಯ ನಡುವಿನವರೆಗೆ ಬಂದು, ಕಿಟಕಿಯ ಕಡೆ ಇಂಗ್ಲಿಷಿನಲ್ಲಿ ಕೂಗಿದರು, "ವಾಟ್ ಆರ್ ಯು ಡೂಯಿಂಗ್ ದೇರ್?"

ಒಳಗಿನಿಂದ ಮೊಮ್ಮಗಳ ದನಿ ಕಂಚಿನ ಹಾಗೆ ಬಂತು. "ವಿ ಆರ್ ಪಿಕಿಂಗ್ ವರ್ಮ್ಸ್ ಸಾರ್! ಪ್ಲೀಸ್ ಗೋ ಬ್ಯಾಕ್ ಸಾರ್! ಯು ಆರ್ ಸ್ಮೆಲ್ಲಿಂಗ್ ಸಾರ್!"

ಒಂದೂ ತಡವರಿಕೆಯಿಲ್ಲದ ಇಂಗ್ಲಿಷು. ಇನ್ಸ್‌ಪೆಕ್ಟರು ಇದ್ದ ಹಾಗೆಯೇ ನಿಂತರು. ಆಮೇಲೆ ಅವರ ಹೊಟ್ಟೆ ಕುಣಿಯತೊಡಗಿತು. ನಗುತ್ತ ನಗುತ್ತ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿ ನಶ್ಯದ ಡಬ್ಬಿ ತೆಗೆದರು. ಇಡೀ ಏಳನೇ ತರಗತಿ ಒಂದೇ ಗಂಟಲಲ್ಲಿ "ಬೇಡಾ ಸಾರ್!" ಎಂದು ಕಿರುಚಿತು. ಡಬ್ಬಿ ಮತ್ತೆ ಜೇಬಿಗೆ ಹೋಯಿತು.

"ಹುಡುಗರಲ್ಲಿ ಒಗ್ಗಟ್ಟಿದೆ," ಎಂದರು ಇನ್ಸ್‌ಪೆಕ್ಟರು ಕಣ್ಣೊರೆಸಿಕೊಳ್ಳುತ್ತ ಹೆಡ್‌ಮೇಷ್ಟ್ರಿಗೆ. "ಇಂಗ್ಲಿಷೂ ಇದೆ. ಎಂಟನೇ ತರಗತಿಗೆ ಬರೆಯಬಹುದು. ಆದರೆ ಶಾಲೆ ಹೇಗಿದೆ ಅಂತ ಏನು ಬರೀಲಿ? ಅದರೊಳಗೆ ನಾನು ಇನ್ನೂ ಕಾಲೇ ಇಟ್ಟಿಲ್ಲವಲ್ಲ. ನಡೀರಿ, ಒಂದು ಸಲ ನೋಡಿ ಬಂದುಬಿಡೋಣ."

ಹೆಡ್‌ಮೇಷ್ಟ್ರ ಮುಖದಲ್ಲಿ ರಕ್ತವಿರಲಿಲ್ಲ. ಆಗ ಅಜ್ಜಿ ಹುಳದ ತಟ್ಟೆಯನ್ನು ಕೆಳಗಿಟ್ಟು, ಕಿಟಕಿಯ ಸರಳು ಹಿಡಿದು, ಮೊದಲ ಬಾರಿಗೆ ಮೆತ್ತಗೆ ಮಾತಾಡಿದರು.

"ಅದಕ್ಕೇ ಸ್ವಾಮಿ, ಈಗ್ಲೇ ಬರ್ದ್ಬಿಡಿ. ನೋಡಿದ್ಮೇಲೆ ಚೆನ್ನಾಗಿದೆ ಅಂತ ಬರೆಯಕ್ಕೆ ನಿಮಗೂ ಮನಸ್ಸು ಬರಲ್ಲ."

ಇನ್ಸ್‌ಪೆಕ್ಟರು ನೋಡಲಿಲ್ಲ. ಜೂನಿನಲ್ಲಿ ಎಂಟನೇ ತರಗತಿ ಬಂತು.