ನೋಡದೆ ಹೇಳಿದ ಒಂದು ರನ್ನು

ಹಲ್ಲು ಹೋದರೆ ಕಟ್ಟಿಸಿಕೊಳ್ಳಬಹುದು, ಕೂದಲು ಹೋದರೆ ಟೊಪ್ಪಿಗೆ ಹಾಕಿಕೊಳ್ಳಬಹುದು. ಉತ್ಸಾಹ ಹೋದರೆ ಏನು ಮಾಡಬೇಕೆಂದು ಮಾತ್ರ ಬೀದರಿನ ಯಾವ ಡಾಕ್ಟರೂ ಹೇಳುವುದಿಲ್ಲ. ನಾನು ಕೇಳಿ ನೋಡಿದ್ದೇನೆ. ಒಬ್ಬರು ವಿಟಮಿನ್ ಮಾತ್ರೆ ಬರೆದುಕೊಟ್ಟರು. ಇನ್ನೊಬ್ಬರು, "ವಯಸ್ಸಿಗೆ ಬರೋದು ಬರ್ತದ್ರಿ, ಬೆಳಿಗ್ಗೆ ಎದ್ದು ಕೋಟೆ ತನಕ ನಡೀರಿ" ಎಂದರು. ನಡೆದೆ. ಕಾಲು ನೋವು ಬಂತು, ಉತ್ಸಾಹ ಬರಲಿಲ್ಲ.

ನನ್ನ ಕಸುಬು ಕ್ರಿಕೆಟ್ ಕಾಮೆಂಟ್ರಿ. ಟಿವಿಯಲ್ಲಿ ಅಲ್ಲ, ಗಾಬರಿಯಾಗಬೇಡಿ. ಬೀದರ, ಭಾಲ್ಕಿ, ಔರಾದ ಈ ಮೂರು ಊರುಗಳಲ್ಲಿ ನಡೆಯುವ ಟೆನಿಸ್ ಬಾಲ್ ಟೂರ್ನಮೆಂಟುಗಳಲ್ಲಿ, ಶಾಮಿಯಾನದ ಕೆಳಗೆ, ಒಂದು ಕಾಲು ಸೀಳಿದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು, ಹತ್ತು ಜನರ ಉಗುಳು ಕುಡಿದ ಮೈಕನ್ನು ಕರವಸ್ತ್ರದಲ್ಲಿ ಒರೆಸಿಕೊಂಡು ಹೇಳುವ ಕಾಮೆಂಟ್ರಿ. ಹೊಟ್ಟೆಪಾಡಿಗೆ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ, ನಿವೃತ್ತನೂ ಆದೆ. ಆದರೆ ಜನ ನನ್ನನ್ನು ಗುರುತಿಸುವುದು ಮೈಕಿನಿಂದಲೇ. ದವಾಖಾನೆಯಲ್ಲಿ ಕಂಪೌಂಡರ್ ಕೂಡ ನನ್ನ ಹೆಸರು ಕೂಗದೆ "ಕಾಮೆಂಟ್ರಿ ಮಾಸ್ತರ್, ಒಳಗ ಬರ್ರಿ" ಎಂದೇ ಕರೆಯುತ್ತಾನೆ. ಮೂವತ್ತು ವರ್ಷ ಇದು ನನಗೆ ಹೆಮ್ಮೆಯ ವಿಷಯವಾಗಿತ್ತು. ಈಗೀಗ ಕಿರಿಕಿರಿಯಾಗುತ್ತದೆ.

ಮೊದಲೆಲ್ಲ ಹೀಗಿರಲಿಲ್ಲ. ಭಾನುವಾರ ಪಂದ್ಯವಿದ್ದರೆ ಶುಕ್ರವಾರದಿಂದಲೇ ಕಲ್ಲುಸಕ್ಕರೆ ಬಾಯಿಗಿಟ್ಟುಕೊಂಡು ಗಂಟಲು ತಯಾರು ಮಾಡುತ್ತಿದ್ದೆ. ಒಬ್ಬ ಬ್ಯಾಟ್ಸ್‌ಮನ್ ಸಿಕ್ಸ್ ಹೊಡೆದರೆ ಚೆಂಡಿಗಿಂತ ಮೊದಲು ನಾನೇ ಕುರ್ಚಿಯಿಂದ ಮೇಲೇಳುತ್ತಿದ್ದೆ. "ಬಾನಂಗಳದತ್ತ ಚಿಮ್ಮಿದೆ ಚೆಂಡು, ಹಿಡಿಯುವವರಾರೂ ಇಲ್ಲ" ಎಂಬ ಮಾತು ನನ್ನದೇ ಸ್ವಂತ ತಯಾರಿಕೆ. ಈಗ ಅದು ಜಿಲ್ಲೆಯ ಎಲ್ಲ ಕಾಮೆಂಟ್ರಿಯವರ ಬಾಯಲ್ಲಿದೆ. ಅದನ್ನು ನಾನೇ ಎಷ್ಟು ಸಾವಿರ ಸಲ ಹೇಳಿದ್ದೇನೋ, ಈಗ ಹೇಳುವಾಗ ಬಸ್ಸಿನಲ್ಲಿ ಕಂಡಕ್ಟರ್ ಊರಿನ ಹೆಸರು ಕೂಗಿದಂತೆ ಕೇಳುತ್ತದೆ.

ಕಾಯಿಲೆ ನನಗೆ ತಿಳಿದದ್ದು ಹೋದ ಚಳಿಗಾಲದಲ್ಲಿ ಭಾಲ್ಕಿಯಲ್ಲಿ. ಮಧ್ಯಾಹ್ನದ ಪಂದ್ಯ. ಜೋಳದ ರೊಟ್ಟಿ, ಪುಂಡಿಪಲ್ಯ ಹೊಟ್ಟೆ ತುಂಬ ಉಂಡಿದ್ದೆ. "ಅದ್ಭುತವಾದ ಹೊಡೆತ! ಕಣ್ಣಿಗೆ ಹಬ್ಬ!" ಎಂದು ಹೇಳಿ ಕಣ್ಣು ಬಿಟ್ಟೆ. ಹೌದು, ಹೇಳಿದ ಮೇಲೆ ಕಣ್ಣು ಬಿಟ್ಟೆ. ಚೆಂಡು ವಿಕೆಟ್ ಕೀಪರನ ಕೈಯಲ್ಲಿತ್ತು. ಬ್ಯಾಟ್ಸ್‌ಮನ್ ಬ್ಯಾಟು ಬೀಸಿಯೂ ಇರಲಿಲ್ಲ. ಜನ ನಗುತ್ತಾರೆಂದು ಕಾದೆ. ಯಾರೂ ನಗಲಿಲ್ಲ. ಬದಲಿಗೆ ಚಪ್ಪಾಳೆ ಬಿತ್ತು. ಬ್ಯಾಟ್ಸ್‌ಮನ್ನೂ ಬ್ಯಾಟು ಎತ್ತಿ ಕೈ ಬೀಸಿದ. ಆ ದಿನ ನನಗೆ ಮೈಯೆಲ್ಲ ಉರಿದುಹೋಯಿತು. ನಾನು ನೋಡುತ್ತಿಲ್ಲ ಸರಿ, ಈ ಜನ ಏನು ನೋಡುತ್ತಿದ್ದಾರೆ?

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಶಾಂತಾ ಬಟ್ಟೆ ಮಡಚುತ್ತಿದ್ದಳು. "ಸಾಕಾಗ್ಯಾದ ಅಂದ್ರ ಬಿಟ್ಟುಬಿಡ್ರಿ. ಯಾರ್ ಹಿಡ್ಕೊಂಡಾರ ನಿಮಗ?" ಎಂದಳು. ಇಂಥ ಕಷ್ಟಕ್ಕೆ ಇಷ್ಟು ಸುಲಭದ ಉತ್ತರ ಕೊಡುವವರನ್ನು ಕಂಡರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ. ಬಿಡುವುದು ಅಂದರೇನು? ಬಿಟ್ಟರೆ ನಾನು ಯಾರು? ಪಿಂಚಣಿಯ ಸಾಲಿನಲ್ಲಿ ನಿಂತ ಒಬ್ಬ ಮುದುಕ, ಅಷ್ಟೇ. ಆದರೂ ಯೋಚಿಸಿ ಯೋಚಿಸಿ ಕಡೆಗೆ ನಿರ್ಧಾರ ಮಾಡಿದೆ. ಔರಾದಿನ ಫೈನಲ್ ನನ್ನ ಕಡೆಯ ಪಂದ್ಯ. ಬಹುಮಾನ ವಿತರಣೆಯ ಹೊತ್ತಿಗೆ ಮೈಕಿನಲ್ಲೇ ವಿದಾಯ ಹೇಳುವುದು, ಆಯೋಜಕರು ಹೊದಿಸುವ ಶಾಲು ಹೊದ್ದು ಮರ್ಯಾದೆಯಿಂದ ಇಳಿಯುವುದು. ವಿದಾಯದ ಭಾಷಣವನ್ನು ಎರಡು ಪುಟ ಬರೆದು ಅಂಗಿಯ ಕಿಸೆಯಲ್ಲಿಟ್ಟುಕೊಂಡೆ.

ಇಲ್ಲಿ ಖಲೀಲ್ ಸಾಹೇಬರ ವಿಷಯ ಹೇಳಲೇಬೇಕು. ಅವರು ನಮ್ಮ ಸ್ಕೋರರ್. ಓಲ್ಡ್ ಸಿಟಿಯಲ್ಲಿ ಟೇಲರ್ ಅಂಗಡಿ, ನನಗಿಂತ ಮೂರು ವರ್ಷಕ್ಕೆ ದೊಡ್ಡವರು. ಇಪ್ಪತ್ತು ವರ್ಷದಿಂದ ನನ್ನ ಪಕ್ಕದಲ್ಲೇ ಕೂರುತ್ತಾರೆ, ಆದರೆ ಮೈದಾನಕ್ಕೆ ಬೆನ್ನು ಮಾಡಿ. ಬಿಸಿಲಿಗೆ ಅವರ ಕಣ್ಣಲ್ಲಿ ನೀರು ಬರುತ್ತದೆ. ನಾನು ಮೈಕಿನಲ್ಲಿ ಹೇಳಿದ್ದನ್ನು ಅವರು ಪಟ್ಟಿಯಲ್ಲಿ ಬರೆಯುತ್ತಾರೆ. ಅಂಪೈರ್ ಫೋರಿಗೆ ಕೈ ಬೀಸಿದರೆ, ನೋಡಿದೆವು ಎಂದು ಸ್ಕೋರರ್ ಕೈ ಎತ್ತಬೇಕಲ್ಲ, ಆ ಕೈ ಎತ್ತುವವನೂ ನಾನೇ. ಈ ಪದ್ಧತಿಯಲ್ಲಿ ತಪ್ಪಿದೆ ಎಂದು ನಮ್ಮಿಬ್ಬರಿಗೂ ಎಂದೂ ಅನ್ನಿಸಿರಲಿಲ್ಲ. ಹೊಲಿಗೆಯ ಮಿಷನ್ನಿನಂತೆ ಸಾಫಾಗಿ ನಡೆದಿತ್ತು.

ಇನ್ನೊಂದು ಪದ್ಧತಿ ಇದೆ, ಅದು ನನ್ನ ಆಯುಷ್ಯವನ್ನೇ ತಿಂದಿದೆ. ಪಂದ್ಯದ ನಡುವೆ ಯಾರೇ ಗಣ್ಯರು ಬಂದರೂ ಮೈಕಿನಲ್ಲಿ ಸ್ವಾಗತಿಸಬೇಕು. ಬರೇ ಹೆಸರು ಹೇಳಿದರೆ ನಡೆಯುವುದಿಲ್ಲ. ಮಾಜಿ, ಹಾಲಿ, ಭಾವಿ ಎಲ್ಲ ಹುದ್ದೆಗಳೂ ಬರಬೇಕು. ಒಂದು ಬಿಟ್ಟರೂ ಅವರ ಜೊತೆ ಬಂದವರು ಶಾಮಿಯಾನಕ್ಕೆ ಬಂದು, "ಸಾಹೇಬ್ರು ಸಂಘದ ಉಪಾಧ್ಯಕ್ಷರೂ ಇದ್ದಾರ್ರಿ, ಅದು ಬಿಟ್ಟೀರಿ" ಎನ್ನುತ್ತಾರೆ. ಮತ್ತೆ ಮೊದಲಿನಿಂದ ಶುರು. ಅತ್ತ ಬೌಲರ್ ಯಾರಿಗೂ ಕಾಯುವುದಿಲ್ಲ.

ಔರಾದಿನ ಫೈನಲ್ಲಿನಲ್ಲಿ ಆಡಿದ್ದು ಊರಿನ ತಂಡ ಮತ್ತು ಕಮಠಾಣದ ತಂಡ. ಆಯೋಜಕ ಸಂಗಮೇಶ ಬೆಳಿಗ್ಗೆಯೇ ಬಂದು, "ಸರ್, ಜರಾ ಜೋಶ್ ಹಚ್ರಿ. ಮೊಬೈಲಿನ್ಯಾಗ ಲೈವ್ ಹೊಂಟದ. ನಿಮ್ ದನಿ ಈಗೀಗ ರೇಷನ್ ಅಂಗಡಿ ಲಿಸ್ಟ್ ಓದಿದಂಗ ಆಗ್ಯಾದ" ಎಂದ. ವಿದಾಯದ ದಿನ ಕೇಳಬೇಕಾದ ಮಾತೇ ಇದು? ಕಮಠಾಣದವರು ಗುರಿ ಬೆನ್ನಟ್ಟುತ್ತಿದ್ದರು. ಕ್ರೀಸಿನಲ್ಲಿದ್ದವರು ರಾಜಕುಮಾರ ಮಾಸ್ತರ್, ಶಾಲೆಯ ಮಾಸ್ತರರು, ನಲವತ್ತು ದಾಟಿದವರು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಆಡುತ್ತಿದ್ದರು. ಇನ್ನೆರಡು ಓವರ್ ಉಳಿದಿದ್ದಾಗ ಗಣ್ಯರ ಜೀಪು ಬಂತು.

ನಾನು ಸ್ವಾಗತ ಶುರು ಮಾಡಿದೆ. ಮಾಜಿ ಮುಗಿಯಿತು, ಹಾಲಿ ಬಂತು. ಕಣ್ಣಂಚಿನಲ್ಲಿ ಅಂಪೈರ್ ಕೈ ಬೀಸಿದ್ದು ಕಂಡಿತೋ ಏನೋ, ನನ್ನ ಕೈ ತಾನಾಗಿಯೇ ಮೇಲಕ್ಕೆ ಹೋಗಿ ಇಳಿಯಿತು. "ಕ್ಯಾ ಹುವಾ ಮಾಸ್ತರ್?" ಎಂದರು ಖಲೀಲ್ ಸಾಹೇಬರು. ಗಣ್ಯರ ಉಪಾಧ್ಯಕ್ಷಗಿರಿ ಇನ್ನೂ ಬಾಕಿ ಇತ್ತು. "ಒಂದು ರನ್" ಎಂದು ಮೈಕಿನಲ್ಲಿ ಹೇಳಿ ಮುಂದುವರಿಸಿದೆ. ಅವರು ಒಂದು ಬರೆದರು.

ಕಮಠಾಣದವರು ಎರಡೇ ರನ್ನುಗಳಿಂದ ಸೋತರು. ಪಟಾಕಿ ಹಾರಿತು. ನಾನು ಕಿಸೆಯಿಂದ ಭಾಷಣ ತೆಗೆದು ಕನ್ನಡಕ ಹಾಕಿಕೊಂಡೆ. ಆಗ ರಾಜಕುಮಾರ ಮಾಸ್ತರರು ಕುಂಟುತ್ತ ಬಂದು ನನ್ನೆದುರು ನಿಂತರು. ಜಗಳಕ್ಕೆ ಬಂದವರಂತೆ ಅಲ್ಲ, ಏನೋ ಕಳಕೊಂಡವರಂತೆ.

"ಸರ್, ಜೀಪ್ ಬಂದಾಗ ನಾ ಒಂದ್ ಫೋರ್ ಹೊಡೆದಿದ್ದೆ. ಅದು ಎಲ್ಲಿ ಹೋಯ್ತ್ರಿ?"

ಔರಾದಿನ ಕ್ಯಾಪ್ಟನ್ ಅಲ್ಲೇ ಇದ್ದ. "ಮೈಕಿನ್ಯಾಗ ಒಂದು ಅಂದಾರಲ್ರಿ ಮಾಸ್ತರ್" ಎಂದ. ಆ ಚೆಂಡನ್ನು ಗೆರೆಯಾಚೆಗಿನ ಜಾಲಿಮುಳ್ಳಿನಿಂದ ಹೆಕ್ಕಿ ತಂದಿದ್ದ ಫೀಲ್ಡರನನ್ನು ಕರೆದು ಕೇಳಿದರು. ಅವನ ಮುಂಗೈ ಮೇಲೆ ಮುಳ್ಳು ಗೀರಿದ ಗುರುತು ಇನ್ನೂ ಹಸಿಯಾಗಿತ್ತು. ಅವನು ನನ್ನ ಮುಖ ನೋಡಿ, "ಸರ್ ಒಂದು ಅಂದಾರ ಅಂದ್ರ ಒಂದೇ ಇರಬೇಕ್ರಿ" ಎಂದ! ಸಂಗಮೇಶ ಮೊಬೈಲಿನ ಲೈವ್ ಹಿಂದೆ ಸರಿಸಿ ನೋಡಿದ. ಆ ಹೊತ್ತಿಗೆ ಮೊಬೈಲು ಗಣ್ಯರ ಕೊರಳಿಗೆ ಬೀಳುತ್ತಿದ್ದ ಹಾರದ ಕಡೆ ತಿರುಗಿತ್ತು.

ಎಲ್ಲರೂ ನನ್ನ ಕಡೆ ನೋಡಿದರು. "ಒಂದೇ" ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಮೂವತ್ತು ವರ್ಷದ ಹೆಸರು, ಕಿಸೆಯಲ್ಲಿದ್ದ ಭಾಷಣ, ಶಾಲು, ಎಲ್ಲ ಉಳಿಯುತ್ತಿತ್ತು. ಮಾಸ್ತರರೂ ನಂಬಿ ಹೋಗುತ್ತಿದ್ದರು. ಅದನ್ನೇ ನನಗೆ ತಡೆಯಲಾಗಲಿಲ್ಲ. ತಾನು ಹೊಡೆದ ಹೊಡೆತವನ್ನು, ತನ್ನ ಕೈಯಲ್ಲೇ ಇನ್ನೂ ಝುಂ ಎನ್ನುತ್ತಿರುವ ಹೊಡೆತವನ್ನು, ನನ್ನ ಮಾತಿಗೋಸ್ಕರ ಅನುಮಾನಿಸುತ್ತ ನಿಂತಿದ್ದರು ಆ ಮನುಷ್ಯ. ನನಗೆ ನಾಚಿಕೆಯಾಯಿತು. ಮೈಕ್ ಎತ್ತಿಕೊಂಡು, "ಮಹನೀಯರೇ, ಆ ಚೆಂಡನ್ನು ನಾನು ನೋಡಿಲ್ಲ. ನೋಡದೆ ಒಂದು ಎಂದೆ" ಎಂದೆ.

ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿದೆ. ಆದರೆ ಆದದ್ದೇ ಬೇರೆ. ಖಲೀಲ್ ಸಾಹೇಬರು ಪೆನ್ನು ಕೆಳಗಿಟ್ಟು, "ಯಾ ಅಲ್ಲಾ! ನೀವು ನೋಡ್ತೀರಿ ಅಂತ ನಾ ಇಪ್ಪತ್ ವರ್ಷ ನೋಡಿಲ್ಲಲ್ರಿ!" ಎಂದರು. ಅಂಪೈರ್ ಕೆಮ್ಮಿದರು. "ನಾ ಫೋರ್ ಕೊಟ್ಟಿದ್ದು ಖರೆ ಅದ. ಆದ್ರ ಮೈಕಿನ್ಯಾಗ ಒಂದು ಅಂದ್ರಲ್ಲ, ನಂದೇ ತಪ್ಪಿರಬೇಕು ಅಂತ ಸುಮ್ನಾದೆ" ಎಂದರು. ವೈಡ್ ಕೊಡುವಾಗಲೂ ಕೆಲವು ಸಲ ನನ್ನ ದನಿಗೆ ಕಾಯುತ್ತಾರಂತೆ! ನನಗೆ ಸಿಟ್ಟು ನೆತ್ತಿಗೇರಿತು. ತಪ್ಪು ನನ್ನದು, ಒಪ್ಪಿಕೊಂಡೆ. ಆದರೆ ಇಷ್ಟು ಜನ ಸೇರಿ ಒಬ್ಬ ಅರೆನಿದ್ದೆಯ ಮುದುಕನ ಮೇಲೆ ಇಡೀ ಜಿಲ್ಲೆಯ ಕ್ರಿಕೆಟ್ಟನ್ನು ಹೇರಿ ಕೂತಿದ್ದರೆ ಅದು ಯಾರ ತಪ್ಪು?

ಅರ್ಧ ತಾಸು ಗದ್ದಲವಾಯಿತು. ಮೂರು ರನ್ ಸೇರಿದರೆ ಗೆದ್ದದ್ದು ನಾವೇ ಎಂದರು ಕಮಠಾಣದವರು; ಲೆಕ್ಕ ಸರಿ ಇದ್ದಿದ್ದರೆ ಕಡೆಯ ಓವರನ್ನೇ ಬೇರೆ ಥರ ಹಾಕುತ್ತಿದ್ದೆವು ಎಂದರು ಊರಿನವರು. ಕಡೆಗೆ ಎರಡೂ ಕಡೆಯವರು ಒಪ್ಪಿದರು. ಕಳೆದುಹೋದ ಮೂರು ರನ್ ಸೇರಿಸಿ, ಕಡೆಯ ಓವರನ್ನು ಮತ್ತೆ ಆಡುವುದು. ಔರಾದಿನ ಕ್ಯಾಪ್ಟನ್ ನನ್ನತ್ತ ಬೆರಳು ಮಾಡಿ, "ಮೈಕ್ ಬಂದ್ ಮಾಡ್ರಿ. ಸರ್ ಹೋಗಿ ಸುಣ್ಣದ ಗೆರಿ ಮ್ಯಾಲ ನಿಲ್ಲಲಿ. ಕಣ್ಣ್ ತೆರಕೊಂಡು" ಎಂದ. ಈ ವಯಸ್ಸಿನಲ್ಲಿ, ಆ ಬಿಸಿಲಿನಲ್ಲಿ, ಗೆರೆಯ ಮೇಲೆ! ಹೋಗಿ ನಿಂತೆ. ಖಲೀಲ್ ಸಾಹೇಬರು ಕುರ್ಚಿಯನ್ನು ಮೈದಾನದ ಕಡೆ ತಿರುಗಿಸಿಕೊಂಡು, ಕಣ್ಣಿಗೆ ಕೈ ಅಡ್ಡ ಹಿಡಿದು ಕೂತರು.

ಓವರ್ ಶುರುವಾಯಿತು. ಮೈಕಿನ ಸದ್ದಿಲ್ಲ. ಬೌಲರನ ಹೆಜ್ಜೆ ಕೇಳಿಸುತ್ತಿತ್ತು, ಬ್ಯಾಟಿಗೆ ಚೆಂಡು ತಾಗುವುದು ಕೇಳಿಸುತ್ತಿತ್ತು. ಕಡೆಯ ಎಸೆತಕ್ಕೆ ಗೆಲ್ಲಲು ನಾಲ್ಕು ಬೇಕು. ರಾಜಕುಮಾರ ಮಾಸ್ತರರು ಒಂದು ಕಾಲು ಮಡಚಿ ಬೀಸಿದರು. ಚೆಂಡು ಎರಡು ಪುಟ ನೆಗೆದು, ಆಮೇಲೆ ನೆಲ ಹಿಡಿದು, ಕೆಂಪು ಧೂಳೆಬ್ಬಿಸುತ್ತ ನೆಟ್ಟಗೆ ನನ್ನ ಕಡೆಗೇ ಬಂತು. ಬಾ, ಬಾ, ದಾಟು ಎಂದು ಮನಸ್ಸಿನಲ್ಲೇ ಕರೆದೆ. ದೇವರಾಣೆಗೂ ಅದು ದಾಟಲಿ ಎಂದೇ ಬೇಡಿಕೊಂಡೆ. ಮುಳ್ಳು ಗೀರಿದ ಅದೇ ಫೀಲ್ಡರ್ ಎಲ್ಲಿಂದಲೋ ಓಡಿ ಬಂದು ಹೊಟ್ಟೆಯ ಮೇಲೆ ಜಾರಿ ಕೈ ಚಾಚಿದ. ಚೆಂಡು ಅವನ ಬೆರಳ ತುದಿಯಲ್ಲಿ ನಿಂತಿತು. ಗೆರೆಗೂ ಅದಕ್ಕೂ ಒಂದು ಗೇಣು.

ಬ್ಯಾಟ್ಸ್‌ಮನ್ನರು ಎರಡು ಓಡಿ ನಿಂತಿದ್ದರು. ಎಲ್ಲರ ಮುಖ ನನ್ನ ಕಡೆ. ಫೋರ್ ಎಂದು ಕೈ ಬೀಸಿದ್ದರೆ ಯಾರೂ ಕೇಳುತ್ತಿರಲಿಲ್ಲ, ಫೀಲ್ಡರನಂತೂ ನಂಬಿಯೇ ಬಿಡುತ್ತಿದ್ದ. ನಾನು ಅಡ್ಡಡ್ಡ ತಲೆಯಾಡಿಸಿದೆ. ಕಮಠಾಣ ಒಂದು ರನ್ನಿನಿಂದ ಸೋತಿತು.

ಮಾಸ್ತರರು ಅಷ್ಟು ದೂರ ಕುಂಟಿಕೊಂಡು ಗೆರೆಯ ತನಕ ಬಂದರು. "ಸರ್, ಈ ಸಲ ನೋಡೀರೇನ್ರಿ?"

"ನೋಡೀನ್ರಿ ಮಾಸ್ತರ್. ಗೇಣ್ ಉಳಿದಿತ್ತು."

"ಹಂಗಿದ್ರ ಆಯ್ತ್ ಬಿಡ್ರಿ" ಎಂದು ಮೊಣಕಾಲಿನ ಪಟ್ಟಿ ಬಿಚ್ಚುತ್ತ ಹೋದರು. ಶಾಲಿನ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸಂಜೆ ಖಲೀಲ್ ಸಾಹೇಬರೂ ನಾನೂ ಬೀದರಿನ ಬಸ್ಸು ಹತ್ತಿದೆವು. ಕೂತದ್ದೇ ತಡ, ನನ್ನೊಳಗೆ ಏನೋ ಕುದಿಯತೊಡಗಿತು. ಎಷ್ಟೋ ವರ್ಷಗಳ ಮೇಲೆ ಒಂದು ಚೆಂಡನ್ನು ಮೊದಲಿನಿಂದ ಕಡೆಯ ತನಕ ಕಣ್ಣಾರೆ ನೋಡಿದ್ದೆ. ಅದು ಬಂದ ಬಗೆ, ಧೂಳು ಎದ್ದ ಬಗೆ, ಆ ಬೆರಳು! ಹೇಳದೆ ಇರಲು ಹೇಗೆ ಸಾಧ್ಯ? "ಖಲೀಲ್ ಸಾಹೇಬ್ರ, ಆ ಬಾಲ್ ಏನ್ ಬಂತ್ರಿ" ಎಂದು ಬಾಯಿ ತೆರೆದೆ. "ನಕ್ಕೋ, ಬ್ಯಾಡ್ರಿ ಮಾಸ್ತರ್, ನಾನೂ ನೋಡೀನಿ" ಎಂದು ಅವರು ಕಣ್ಣು ಒರೆಸಿಕೊಂಡು ಕಿಟಕಿಗೆ ತಲೆ ಆನಿಸಿದರು. ಪಕ್ಕದ ಸಾಲಿನಲ್ಲಿ ಮೆಂತ್ಯಸೊಪ್ಪಿನ ಚೀಲ ಹಿಡಿದ ಒಬ್ಬರು ಕೂತಿದ್ದರು. ಪಾಪ, ಕ್ರಿಕೆಟ್ಟಿನ ಗಂಧವಿಲ್ಲದ ಮನುಷ್ಯ. ಅವರಿಗೆ ಹೇಳಲು ಶುರು ಮಾಡಿದೆ. ಬೌಲರ್ ಓಡಿ ಬಂದ, ಮಾಸ್ತರರು ಕಾಲು ಮಡಚಿದರು, ಚೆಂಡು ನೆಲ ಹಿಡಿಯಿತು, ನಾನು ಯಾವಾಗ ಸೀಟಿನಿಂದ ಎದ್ದು ನಿಂತೆನೋ ನನಗೇ ಗೊತ್ತಿಲ್ಲ. ಹಿಂದಿನಿಂದ ಕಂಡಕ್ಟರ್ ಬಂದು ನನ್ನ ಭುಜ ಮುಟ್ಟಿದ. "ಕಾಕಾ, ಜರಾ ಸುಮ್ನ ಕೂಡ್ರಿ. ಡ್ರೈವರ್ ಎರಡ್ ಸಲ ಹಿಂದ ಹೊಳ್ಳಿ ನೋಡ್ಯಾನ" ಎಂದ.

ನನ್ನ ಮಾತಿನಲ್ಲಿ ಚೆಂಡು ಗೆರೆಯಿಂದ ಇನ್ನೂ ನಾಲ್ಕು ಮಾರು ದೂರವಿತ್ತು. ಬೀದರ ಬರುವ ತನಕ ಅದನ್ನು ಅಲ್ಲೇ ಹಿಡಿದುಕೊಂಡು, ಬಾಯಿ ಮುಚ್ಚಿಕೊಂಡು ಕೂತೆ.